ದಾನ, ದಾಯ, ಸ್ಮರಣೆ: ರಾಣಿ ಸಂತ ಮಟಿಲ್ಡಾ ಮತ್ತು ಅವರ ಕುಟುಂಬ

ಧರ್ಮಸಭೆಯು ಮಾರ್ಚ್ 14ರಂದು ಜರ್ಮನಿಯ ರಾಣಿ ಸಂತ ಮಟಿಲ್ಡಾ ಅವರನ್ನು ಸ್ಮರಿಸುತ್ತದೆ. ಆ ದಿನವು ಪ್ರತಿವರ್ಷವೂ ತಪಸ್ಸುಕಾಲದೊಳಗೆ ಬರುವುದರಿಂದ ನಮ್ಮ ದೇವಾಲಯಗಳಲ್ಲಿ ಈ ಹೆಸರು ಕೇಳಿಬರುವುದು ಅಪರೂಪ. ಸಂತರ ಚರಿತ್ರೆಗಳ ಸಂಗ್ರಹಗಳನ್ನು ತೆರೆದರೆ ಅವರ ಬಗ್ಗೆ ನಾಲ್ಕಾರು ಸಾಲುಗಳು ಸಿಗುತ್ತವೆ: ಭಕ್ತೆಯಾದ ರಾಣಿ, ಬಡವರ ತಾಯಿ, ಮಠಗಳ ಸ್ಥಾಪಕಿ, ಮಕ್ಕಳಿಂದ ನೋವುಂಡ ವಿಧವೆ. ಈ ಸಾಲುಗಳು ಸುಳ್ಳಲ್ಲ. ಆದರೆ ಮಕ್ಕಳು ತಾಯಿಯನ್ನು ಏಕೆ ನೋಯಿಸಿದರು, ಆ ನೋವಿನ ಕಥೆಯನ್ನು ಬರೆದವರು ಯಾರು, ಯಾವ ಉದ್ದೇಶದಿಂದ ಬರೆದರು ಎಂಬ ಪ್ರಶ್ನೆಗಳನ್ನು ಅವು ಎತ್ತುವುದಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನೇ ಪರಿಶೀಲಿಸುತ್ತೇವೆ. ಮಟಿಲ್ಡಾ ಅವರ ಪರಿಶುದ್ಧತೆಯು ಕುಟುಂಬದ ಗದ್ದಲದಿಂದ ದೂರ ಸರಿದು ಅರಳಿದ್ದಲ್ಲ. ಆಸ್ತಿ, ಉತ್ತರಾಧಿಕಾರ, ಮಕ್ಕಳ ವೈರ ಇವುಗಳ ನಡುವೆಯೇ ಅದು ಪರೀಕ್ಷೆಗೆ ಒಳಗಾಯಿತು. ಆ ಪರಿಶುದ್ಧತೆಯನ್ನು ನಮಗೆ ತಲುಪಿಸಿರುವ ಬರಹಗಳೂ ಅದೇ ಕುಟುಂಬದ ಒಳಗಿನ ಅಗತ್ಯಗಳಿಂದಲೇ ಹುಟ್ಟಿದವು. ಇವೆರಡನ್ನೂ ಒಟ್ಟಿಗೆ ನೋಡಲು ಕಲಿತಾಗಲೇ ಸಂತರ ಚರಿತ್ರೆಯು ಯಾಜಕರಿಗೆ ನಿಜವಾಗಿ ಉಪಯುಕ್ತವಾಗುತ್ತದೆ.

ಹುಟ್ಟು, ಬಾಲ್ಯ, ವಿವಾಹ

ಮಟಿಲ್ಡಾ ಅವರು ಸುಮಾರು 895ರ ವೇಳೆಗೆ ಸ್ಯಾಕ್ಸನಿಯ ಪಶ್ಚಿಮ ಭಾಗದ ಶ್ರೀಮಂತ ಮನೆತನವೊಂದರಲ್ಲಿ ಜನಿಸಿದರು. ತಂದೆ ಡೀಟ್ರಿಕ್, ತಾಯಿ ರೈನ್‌ಹಿಲ್ಡ್. ಇವರ ವಂಶವು ವಿಡುಕಿಂಡ್ ಎಂಬ ಸ್ಯಾಕ್ಸನ್ ನಾಯಕನಿಗೆ ಸೇರಿದ್ದು. ಚಾರ್ಲ್‌ಮೇನ್ ಚಕ್ರವರ್ತಿಯ ಸೇನೆಗಳನ್ನು ಅನೇಕ ವರ್ಷಗಳ ಕಾಲ ಎದುರಿಸಿ, ಕೊನೆಗೆ 785ರಲ್ಲಿ ಅಟಿನ್ಯಿ ಎಂಬಲ್ಲಿ ಸ್ನಾನದೀಕ್ಷೆ ಪಡೆದವನೇ ಈ ವಿಡುಕಿಂಡ್. ಖಡ್ಗದ ಬಲದಿಂದ ಕ್ರೈಸ್ತವಾದ ನಾಡು ಒಂದು ಶತಮಾನದ ತರುವಾಯ ಸಂತೆಯೊಬ್ಬರನ್ನು ಕಂಡಿತು.

ಮಟಿಲ್ಡಾ ಅವರ ಅಜ್ಜಿಯ ಹೆಸರೂ ಮಟಿಲ್ಡಾ. ಅವರು ಹೆರ್‌ಫೋರ್ಡಿನ ಮಹಿಳಾ ಮಠದ ಅಧ್ಯಕ್ಷೆಯಾಗಿದ್ದರು. ಮೊಮ್ಮಗಳನ್ನು ಸನ್ಯಾಸಿನಿಯಾಗಲೆಂದು ಅಲ್ಲದೆ, ಓದು ಮತ್ತು ಕೈಕೆಲಸಗಳಲ್ಲಿ ಶಿಕ್ಷಣ ಪಡೆಯಲೆಂದು ಅಲ್ಲಿಗೆ ಕಳುಹಿಸಲಾಗಿತ್ತು ಎಂದು ಅವರ ಜೀವನಚರಿತ್ರೆಯು ತಿಳಿಸುತ್ತದೆ. ಆದರೆ ಸಮಕಾಲೀನ ಇತಿಹಾಸಕಾರರೂ ಕೊರ್ವೈ ಮಠದ ಸನ್ಯಾಸಿಯೂ ಆದ ವಿಡುಕಿಂಡ್ ಅವರು (ಹಿಂದಿನ ನಾಯಕನ ಹೆಸರನ್ನೇ ಹೊತ್ತವರು), ರಾಣಿ ಅಕ್ಷರ ಕಲಿತದ್ದು ಪತಿಯ ಮರಣಾನಂತರ ಎನ್ನುತ್ತಾರೆ. ಈ ಸಣ್ಣ ವ್ಯತ್ಯಾಸವೇ ನಮಗೆ ಮೊದಲ ಎಚ್ಚರಿಕೆ. ಒಂದು ಬರಹಕ್ಕೆ ಬಾಲ್ಯದಿಂದಲೇ ಪುಸ್ತಕ ಹಿಡಿದ ಭಕ್ತೆ ಬೇಕಾಗಿದ್ದಾರೆ. ಇನ್ನೊಂದಕ್ಕೆ ದುಃಖದಲ್ಲಿ ದೇವರ ವಾಕ್ಯವನ್ನು ಅರಸಿ ಹೊರಟ ವಿಧವೆ.

909ರಲ್ಲಿ ಅವರ ವಿವಾಹವು ಸ್ಯಾಕ್ಸನಿಯ ಡ್ಯೂಕ್ ಆಗಿದ್ದ ಒಟ್ಟೊನ ಮಗ ಹೈನ್ರಿಕನೊಂದಿಗೆ ವಾಲ್‌ಹೌಸನ್‌ನಲ್ಲಿ ನಡೆಯಿತು. ಮದುವೆಯ ಮರುದಿನ ಬೆಳಿಗ್ಗೆ ವರನು ವಧುವಿಗೆ ಉಡುಗೊರೆ ಕೊಡುವುದು ಅಂದಿನ ಜರ್ಮನ್ ಪದ್ಧತಿ. ಹೈನ್ರಿಕನು ವಾಲ್‌ಹೌಸನ್ನನ್ನೇ ಉಡುಗೊರೆಯಾಗಿ ಕೊಟ್ಟನು. 912ರಲ್ಲಿ ಹೈನ್ರಿಕನು ಡ್ಯೂಕ್ ಆದನು. 919ರಲ್ಲಿ ಫ್ರಿಟ್ಸ್‌ಲಾರ್‌ನಲ್ಲಿ ಆತನನ್ನು ದೊರೆಯಾಗಿ ಆರಿಸಲಾಯಿತು. ಮೈನ್ಸಿನ ಮಹಾಧರ್ಮಾಧ್ಯಕ್ಷರು ಅಭ್ಯಂಗಿಸಲು ಮುಂದೆ ಬಂದಾಗ, ದೊರೆಯೆಂಬ ಹೆಸರೇ ತನಗೆ ಸಾಕೆಂದು ಆತನು ಅಭ್ಯಂಗವನ್ನು ನಯವಾಗಿ ನಿರಾಕರಿಸಿದನೆಂದು ವಿಡುಕಿಂಡ್ ಬರೆಯುತ್ತಾರೆ. ಹೀಗೆ ಮಟಿಲ್ಡಾ ಅವರು ರಾಣಿಯಾದರು.

ಮೊದಲ ಪತ್ನಿಯ ನೆರಳು

ಈ ವಿವಾಹಕ್ಕೆ ಒಂದು ಹಿನ್ನೆಲೆಯಿತ್ತು. ಸಂತರ ಸಂಗ್ರಹಗಳು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ. ಹೈನ್ರಿಕನು ಅದಕ್ಕೆ ಮುನ್ನ ಹಾಥೆಬುರ್ಗ್ ಎಂಬ ಸಿರಿವಂತ ವಿಧವೆಯನ್ನು ಮದುವೆಯಾಗಿದ್ದನು. ವಿಧವೆಯಾದ ಬಳಿಕ ಅವರು ದೇವರಿಗೆ ಸಮರ್ಪಿತರಾಗಿ ಸನ್ಯಾಸದ ಮುಸುಕು ಧರಿಸಿದ್ದರು. ಆದ್ದರಿಂದ ಹಾಲ್ಬರ್‌ಸ್ಟಾಟಿನ ಧರ್ಮಾಧ್ಯಕ್ಷ ಸಿಗಿಸ್ಮುಂಡ್ ಅವರು ಆ ವಿವಾಹವನ್ನು ಆಕ್ಷೇಪಿಸಿದರು. ಕೊನೆಗೆ ಆ ಸಂಬಂಧವು ಮುರಿದುಬಿತ್ತು. ಹಾಥೆಬುರ್ಗ್ ಮಠಕ್ಕೆ ಹಿಂದಿರುಗಿದರು. ಮೆರ್ಸೆಬುರ್ಗಿನಲ್ಲಿದ್ದ ಅವರ ಆಸ್ತಿಯು ಹೈನ್ರಿಕನ ಬಳಿಯೇ ಉಳಿಯಿತು.

ಈ ಸಂಗತಿಯನ್ನು ನಮಗೆ ತಿಳಿಸುವವರು ಮೆರ್ಸೆಬುರ್ಗಿನ ಧರ್ಮಾಧ್ಯಕ್ಷ ಥೀಟ್ಮಾರ್. ಅವರು ಹನ್ನೊಂದನೆಯ ಶತಮಾನದ ಆರಂಭದಲ್ಲಿ ಬರೆದವರು. ಮಟಿಲ್ಡಾ ಅವರ ವಂಶದ ಬಗ್ಗೆ ಗೌರವವುಳ್ಳವರು. ಆದರೂ ಅವರು ವಿಷಯವನ್ನು ಮುಚ್ಚಿಡುವುದಿಲ್ಲ. ಹೈನ್ರಿಕನ ಮನಸ್ಸು ಮಟಿಲ್ಡಾ ಅವರ ರೂಪಕ್ಕೂ ಸಂಪತ್ತಿಗೂ ಸೋತ ಮೇಲೆಯೇ ಮೊದಲ ವಿವಾಹದ ಅಕ್ರಮವು ಆತನಿಗೆ ಕಾಡತೊಡಗಿತು ಎಂದು ಬರೆಯುತ್ತಾರೆ. ನ್ಯಾಯವಾದ ಧರ್ಮಶಾಸನವೂ ಅನುಕೂಲವಾದ ವೇಳೆಯಲ್ಲಿ ನೆನಪಾಗಬಹುದೆಂಬುದು ಅವರಿಗೆ ಗೊತ್ತಿತ್ತು.

ಈ ಮುರಿದ ವಿವಾಹದಿಂದ ಹುಟ್ಟಿದ ಥಾಂಕ್ಮಾರನಿಗೆ ತಾಯಿಯ ಆಸ್ತಿ ದಕ್ಕಲಿಲ್ಲ. ಆ ಕಹಿಯು ಮುಂದೆ ದಂಗೆಯಾಯಿತು. 938ರಲ್ಲಿ ಆತನು ತನ್ನ ಮಲತಮ್ಮನಾದ ದೊರೆ ಒಟ್ಟೊನ ವಿರುದ್ಧ ಬಂಡೆದ್ದು, ಎರೆಸ್‌ಬುರ್ಗ್ ಕೋಟೆಯ ದೇವಾಲಯದಲ್ಲಿ ಆಶ್ರಯ ಪಡೆದನು. ತನ್ನ ಆಯುಧಗಳನ್ನೂ ಕೊರಳಿನ ಚಿನ್ನದ ಪಟ್ಟಿಯನ್ನೂ ಬಲಿಪೀಠದ ಮೇಲಿರಿಸಿ ನಿಂತಿದ್ದಾಗಲೇ ಸೈನಿಕನೊಬ್ಬನು ಈಟಿಯಿಂದ ತಿವಿದು ಕೊಂದನು. ಮಟಿಲ್ಡಾ ಅವರ ಮನೆಯು ಇನ್ನೊಬ್ಬ ಸ್ತ್ರೀಯ ಮನೆ ಮುರಿದ ಜಾಗದಲ್ಲಿ ಕಟ್ಟಿದ್ದು. ಅದಕ್ಕೆ ಅವರು ಕಾರಣರಲ್ಲ. ಆದರೆ ಅದರ ಫಲವನ್ನು ಅವರ ಮಕ್ಕಳು ಉಂಡರು.

ಐವರು ಮಕ್ಕಳು

ಹೈನ್ರಿಕ್ ಮತ್ತು ಮಟಿಲ್ಡಾ ದಂಪತಿಗೆ ಐವರು ಮಕ್ಕಳು: ಒಟ್ಟೊ, ಗೆರ್ಬೆರ್ಗಾ, ಹಾಡ್ವಿಗ್, ಹೈನ್ರಿಕ್ ಮತ್ತು ಬ್ರೂನೊ. 912ರಲ್ಲಿ ಹುಟ್ಟಿದ ಒಟ್ಟೊನು ತಂದೆಯ ಸಿಂಹಾಸನವೇರಿ, 962ರ ಫೆಬ್ರವರಿ 2ರಂದು ರೋಮಿನಲ್ಲಿ ಪೋಪ್ ಹನ್ನೆರಡನೆಯ ಜಾನ್ ಅವರಿಂದ ಚಕ್ರವರ್ತಿಯಾಗಿ ಕಿರೀಟಧಾರಣೆ ಪಡೆದನು. ಗೆರ್ಬೆರ್ಗಾ ಮೊದಲು ಲೋಥರಿಂಗಿಯಾದ ಡ್ಯೂಕ್ ಗಿಸೆಲ್ಬರ್ಟನನ್ನೂ ಅವನ ಮರಣಾನಂತರ ಪಶ್ಚಿಮ ಫ್ರಾಂಕರ ದೊರೆ ನಾಲ್ಕನೆಯ ಲೂಯಿಯನ್ನೂ ಮದುವೆಯಾದಳು. ಹಾಡ್ವಿಗಳ ಪತಿ ಮಹಾ ಹ್ಯೂಗ್. ಅವರ ಮಗ ಹ್ಯೂಗ್ ಕಾಪೆ 987ರಲ್ಲಿ ಫ್ರಾನ್ಸಿನ ಹೊಸ ರಾಜವಂಶವನ್ನು ಆರಂಭಿಸಿದನು. ಕಿರಿಯ ಹೈನ್ರಿಕನು ಬವೇರಿಯಾದ ಡ್ಯೂಕ್ ಆದನು. 925ರಲ್ಲಿ ಹುಟ್ಟಿದ ಕೊನೆಯ ಮಗ ಬ್ರೂನೊ ನಾಲ್ಕು ವರ್ಷದ ಬಾಲಕನಾಗಿದ್ದಾಗಲೇ ಉಟ್ರೆಕ್ಟಿನ ಧರ್ಮಾಧ್ಯಕ್ಷರ ಬಳಿ ವಿದ್ಯಾಭ್ಯಾಸಕ್ಕೆ ಹೋಗಿ, 953ರಲ್ಲಿ ಕೊಲೋನಿನ ಮಹಾಧರ್ಮಾಧ್ಯಕ್ಷರಾದರು. ಅವರನ್ನೂ ಧರ್ಮಸಭೆಯು ಸಂತರೆಂದು ಗೌರವಿಸುತ್ತದೆ.

ಈ ಪಟ್ಟಿಯನ್ನು ಓದುವಾಗ ಇದು ಭಾಗ್ಯವಂತ ತಾಯಿಯ ಕಥೆಯೆಂದು ತೋರುತ್ತದೆ. ವಾಸ್ತವದಲ್ಲಿ ಮೂವತ್ತು ವರ್ಷಗಳ ವೈಧವ್ಯದ ಮೊದಲ ಭಾಗವು ಅವರಿಗೆ ಕಣ್ಣೀರಿನದೇ ಆಗಿತ್ತು. ದೊರೆ ಹೈನ್ರಿಕನು 936ರ ಜುಲೈ 2ರಂದು ಮೆಮ್ಲೆಬೆನ್‌ನಲ್ಲಿ ತೀರಿಕೊಂಡನು. ಆಗಸ್ಟ್ 7ರಂದು ಆಖೆನ್‌ನಲ್ಲಿ ಒಟ್ಟೊನ ಕಿರೀಟಧಾರಣೆ ನಡೆಯಿತು. ತಮ್ಮ ಹೈನ್ರಿಕನು ಆ ಉತ್ಸವದಲ್ಲಿರಲಿಲ್ಲ. ಆತನನ್ನು ಸ್ಯಾಕ್ಸನಿಯಲ್ಲಿಯೇ ಒಬ್ಬ ಸರದಾರನ ಉಸ್ತುವಾರಿಯಲ್ಲಿ ಇರಿಸಲಾಗಿತ್ತು. ಸಹೋದರರ ನಡುವೆ ರಾಜ್ಯಕ್ಕಾಗಿ ಕಲಹವೆದ್ದಿತೆಂದು ರೀಮ್ಸಿನ ವೃತ್ತಾಂತಕಾರ ಫ್ಲೊಡೊಆರ್ಡ್ ಕೂಡ ದಾಖಲಿಸಿದ್ದಾರೆ.

ತಾಯಿಯ ಒಲವು ಕಿರಿಯ ಹೈನ್ರಿಕನ ಕಡೆಗಿತ್ತು ಎಂಬುದು ಅಂದಿನ ನಂಬಿಕೆ. ಒಟ್ಟೊನು ಹುಟ್ಟಿದಾಗ ತಂದೆಯಿನ್ನೂ ದೊರೆಯಾಗಿರಲಿಲ್ಲ. ಹೈನ್ರಿಕನಾದರೋ ದೊರೆಯ ಮಗನಾಗಿಯೇ ಅರಮನೆಯಲ್ಲಿ ಹುಟ್ಟಿದವನು, ಆದ್ದರಿಂದ ಸಿಂಹಾಸನವು ಅವನಿಗೇ ಸಲ್ಲಬೇಕು ಎಂಬುದು ಆ ಪಕ್ಷದ ವಾದ. ರೆಬೆಕ್ಕಳು ಕಿರಿಯ ಮಗ ಯಕೋಬನನ್ನು ಪ್ರೀತಿಸಿದ ಆದಿಕಾಂಡದ ವೃತ್ತಾಂತವನ್ನು ಬಲ್ಲ ನಮಗೆ ಇಂತಹ ಒಲವು ಅಪರಿಚಿತವಲ್ಲ; ಅದರ ಪರಿಣಾಮವೂ ಅಪರಿಚಿತವಲ್ಲ.

ಹೈನ್ರಿಕನು 939ರಲ್ಲಿ ಅಣ್ಣನ ವಿರುದ್ಧ ಸೇನೆ ಕಟ್ಟಿದನು. ಅಕ್ಕ ಗೆರ್ಬೆರ್ಗಾಳ ಪತಿ ಗಿಸೆಲ್ಬರ್ಟನು ಅವನ ಪಕ್ಷದಲ್ಲಿದ್ದು, ಆ ವರ್ಷದ ಶರತ್ಕಾಲದಲ್ಲಿ ಆಂಡರ್ನಾಖ್ ಕದನದಿಂದ ಪಲಾಯನ ಮಾಡುವಾಗ ರೈನ್ ನದಿಯಲ್ಲಿ ಮುಳುಗಿಹೋದನು. ಗಂಡುಮಕ್ಕಳ ಜಗಳದಲ್ಲಿ ಮಗಳು ವಿಧವೆಯಾದಳು. 941ರ ಪಾಸ್ಖ ಹಬ್ಬದಂದು ಒಟ್ಟೊನನ್ನು ಕೊಲ್ಲುವ ಸಂಚು ಕ್ವೆಡ್ಲಿನ್‌ಬುರ್ಗಿನಲ್ಲಿ ಬಯಲಾಯಿತು. ತಂದೆಯ ಸಮಾಧಿಯಿದ್ದ ಊರಿನಲ್ಲಿ, ತಾಯಿ ಕಟ್ಟಿದ ಪ್ರಾರ್ಥನಾಲಯದ ಅಂಗಳದಲ್ಲಿ, ಪುನರುತ್ಥಾನದ ಹಬ್ಬದಂದು ಅಣ್ಣನ ರಕ್ತ ಹರಿಸಲು ತಮ್ಮನು ಒಪ್ಪಿದ್ದನು. ಅದೇ ವರ್ಷದ ಕ್ರಿಸ್ಮಸ್ ಹಬ್ಬದಂದು ಫ್ರಾಂಕ್‌ಫರ್ಟಿನಲ್ಲಿ ತಮ್ಮನು ಕ್ಷಮೆ ಬೇಡಿದನು, ಒಟ್ಟೊನು ಕ್ಷಮಿಸಿದನು. ಆ ಕ್ಷಮೆ ಉಳಿಯಿತು. ಮುಂದೆ ಹೈನ್ರಿಕನು ಸಾಯುವವರೆಗೂ ಅಣ್ಣನಿಗೆ ನಿಷ್ಠನಾಗಿದ್ದನು.

ವಿಧವೆಯ ಆಸ್ತಿ ಮತ್ತು ಮಕ್ಕಳ ಆಪಾದನೆ

ಈ ಕುಟುಂಬದ ಕಥೆಯಲ್ಲಿ ಧರ್ಮಸಭೆಗೆ ನೇರವಾಗಿ ಸಂಬಂಧಿಸಿದ ಅಧ್ಯಾಯಕ್ಕೆ ಈಗ ಬರೋಣ. ದೊರೆ ಹೈನ್ರಿಕನು 929ರ ಸೆಪ್ಟೆಂಬರ್ 16ರಂದು ಒಂದು ಶಾಸನಪತ್ರವನ್ನು ಬರೆಸಿ, ಕ್ವೆಡ್ಲಿನ್‌ಬುರ್ಗ್, ಪೋಲ್ಡೆ, ನೋರ್ಡ್‌ಹೌಸನ್, ಗ್ರೋನೆ, ಡುಡರ್‌ಸ್ಟಾಟ್ ಎಂಬ ಐದು ಊರುಗಳನ್ನು ಪತ್ನಿಯ ವೈಧವ್ಯದ ಜೀವನಾಧಾರಕ್ಕಾಗಿ ಮೀಸಲಿಟ್ಟನು. ಮಗ ಒಟ್ಟೊನ ಸಮ್ಮತಿಯೂ ಅದಕ್ಕಿತ್ತು. ಅಂದಿನ ರಾಣಿಯರ ಭದ್ರತೆ ಇಂತಹ ಪತ್ರಗಳ ಮೇಲೆಯೇ ನಿಂತಿತ್ತು. ಪತಿ ಸತ್ತ ಮರುಗಳಿಗೆಯಿಂದ ರಾಣಿಯು ಹೊಸ ದೊರೆಯ ತಾಯಿ ಮಾತ್ರ. ಸ್ವಂತದ್ದೆಂದು ಉಳಿಯುವುದು ಈ ಊರುಗಳ ಆದಾಯವೇ.

ಮಟಿಲ್ಡಾ ಅವರು ಆ ಆದಾಯವನ್ನು ಬಡವರಿಗೂ ಪ್ರಾರ್ಥನಾಲಯಗಳಿಗೂ ಕೊಡತೊಡಗಿದರು. ದಿನಕ್ಕೆರಡು ಬಾರಿ ಬಡವರಿಗೆ ಊಟ. ಚಳಿಗಾಲದಲ್ಲಿ ದಾರಿಹೋಕರು ಮೈ ಕಾಯಿಸಿಕೊಳ್ಳಲು ಹೊರಗೆ ರಾತ್ರಿಯಿಡೀ ಬೆಂಕಿ. ಪ್ರಯಾಣದಲ್ಲಿ ಹಾದುಹೋಗುವ ದೇವಾಲಯಗಳಿಗೆಂದು ಗಾಡಿಯಲ್ಲಿ ಮೇಣದಬತ್ತಿ. ಜೀವನಚರಿತ್ರೆಗಳು ಇವನ್ನೆಲ್ಲ ವಿವರವಾಗಿ ಹೇಳುತ್ತವೆ. ಆಗ ಮಕ್ಕಳ ಬಳಿ ದೂರು ಬಂದಿತು: ರಾಣಿಯು ರಾಜ್ಯದ ಬೊಕ್ಕಸವನ್ನು ಬಚ್ಚಿಟ್ಟುಕೊಂಡಿದ್ದಾರೆ, ದಾನದ ಹೆಸರಿನಲ್ಲಿ ಕರಗಿಸುತ್ತಿದ್ದಾರೆ. ಒಟ್ಟೊನು ಲೆಕ್ಕ ಕೇಳಿದನು. ತಾಯಿಯ ಪ್ರೀತಿಪಾತ್ರನಾದ ಹೈನ್ರಿಕನೂ ಅಣ್ಣನ ಜೊತೆಗೂಡಿದನು. ರಾಣಿಯು ಕಳುಹಿಸುವ ದಾನವನ್ನು ದಾರಿಯಲ್ಲಿಯೇ ತಡೆಯಲು ಕಾವಲು ಹಾಕಲಾಯಿತೆಂದೂ ಚರಿತ್ರೆಗಳು ಹೇಳುತ್ತವೆ. ಕೊನೆಗೆ ಮಟಿಲ್ಡಾ ಅವರು ಪತಿ ಬಿಟ್ಟುಹೋದ ಆಸ್ತಿಯನ್ನು ಮಕ್ಕಳಿಗೆ ಒಪ್ಪಿಸಿ, ತಮ್ಮ ತವರಿನ ಪಾಲಾದ ಎಂಗರ್‌ಗೆ ಹೊರಟುಹೋದರು.

ಆ ಬಳಿಕ ರಾಜ್ಯಕ್ಕೆ ಒಂದರ ಮೇಲೊಂದು ಸಂಕಟ ಬಂದಿತು. ಇಂಗ್ಲೆಂಡಿನ ರಾಜಕುಮಾರಿಯಾಗಿದ್ದ ಒಟ್ಟೊನ ಪತ್ನಿ ಎಡಿತ್ ಅವರು, ತಾಯಿಗೆ ಮಾಡಿದ ಅನ್ಯಾಯವೇ ಇದಕ್ಕೆ ಕಾರಣವೆಂದು ಪತಿಗೆ ತಿಳಿಹೇಳಿದರು. ಒಟ್ಟೊನು ತಾಯಿಯನ್ನು ಕರೆಸಿ, ಕ್ಷಮೆ ಬೇಡಿ, ಆಸ್ತಿಯನ್ನು ಹಿಂದಿರುಗಿಸಿದನು. ಎಡಿತ್ 946ರಲ್ಲಿ ತೀರಿಕೊಂಡರು. ಆದ್ದರಿಂದ ಈ ಘಟನೆಯು ಅದಕ್ಕೆ ಮುಂಚಿನದು. ಅತ್ತೆಗೂ ಮಗನಿಗೂ ನಡುವೆ ಸಂಧಾನ ಮಾಡಿದವರು ಸೊಸೆ ಎಂಬುದು ಗಮನಾರ್ಹ.

ಈ ವ್ಯಾಜ್ಯದಲ್ಲಿ ಮಕ್ಕಳ ಪಕ್ಷದಲ್ಲಿಯೂ ಒಂದು ವಾದವಿತ್ತೆಂಬುದನ್ನು ನಾವು ಪ್ರಾಮಾಣಿಕವಾಗಿ ಒಪ್ಪಬೇಕು. ವಿಧವೆಗೆ ಜೀವನಾಧಾರವಾಗಿ ಕೊಟ್ಟ ಊರುಗಳು ಮಠಗಳ ಪಾಲಾದರೆ, ಅವು ರಾಜಮನೆತನಕ್ಕೆ ಮರಳಿ ಬರುವುದಿಲ್ಲ. ಹಂಗೇರಿಯನ್ನರ ದಾಳಿ, ಡ್ಯೂಕರ ದಂಗೆ ಇವುಗಳನ್ನು ಎದುರಿಸುತ್ತಿದ್ದ ದೊರೆಗೆ ಪ್ರತಿಯೊಂದು ಊರೂ ಬೇಕಾಗಿತ್ತು. ಹಾಗಾದರೆ ದಾನ ಮಾಡಿದ್ದು ಯಾರ ಸೊತ್ತು?

ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಕೊರ್ಬಾನ್ ಎಂಬ ಪದ್ಧತಿಯನ್ನು ಖಂಡಿಸುತ್ತಾರೆ: ದೇವರಿಗೆ ಮುಡಿಪೆಂದು ಹೇಳಿ ತಂದೆತಾಯಿಗೆ ಸಲ್ಲಬೇಕಾದುದನ್ನು ಮಗನು ತಪ್ಪಿಸುತ್ತಿದ್ದನು. ಇಲ್ಲಿ ಚಿತ್ರವು ತಲೆಕೆಳಗಾಗಿದೆ. ರಾಜ್ಯದ ಹಿತವೆಂದು ಹೇಳಿ, ತಾಯಿಯು ದೇವರಿಗೂ ಬಡವರಿಗೂ ಕೊಡುವುದನ್ನು ಮಕ್ಕಳು ತಪ್ಪಿಸುತ್ತಾರೆ. ಎರಡು ಕಡೆಯೂ ಉನ್ನತವಾದ ಒಂದು ಹೆಸರು ನಿಂತಿದೆ. ಎರಡು ಕಡೆಯೂ ಅದರ ಮರೆಯಲ್ಲಿ ತಂದೆತಾಯಿಯನ್ನು ಗೌರವಿಸಬೇಕೆಂಬ ಆಜ್ಞೆ ಮುರಿಯುತ್ತದೆ. ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯವು ವಿಧವೆಯರ ಬಗ್ಗೆ ಮಾತನಾಡುವಾಗ, ಅವರ ಪ್ರಾರ್ಥನಾಜೀವನಕ್ಕೆ ಮುಂಚೆಯೇ ಮಕ್ಕಳ ಮತ್ತು ಮೊಮ್ಮಕ್ಕಳ ಕರ್ತವ್ಯವನ್ನು ಹೇಳುತ್ತದೆ. ಆ ಕ್ರಮವು ಅರ್ಥಪೂರ್ಣವಾದುದು.

ಎರಡು ಜೀವನಚರಿತ್ರೆಗಳು, ಎರಡು ಅಗತ್ಯಗಳು

ಈ ಕಥೆಯನ್ನು ನಮಗೆ ಹೇಳುವ ಲತೀನ್ ಜೀವನಚರಿತ್ರೆಗಳು ಎರಡು. ಎರಡರ ಲೇಖಕರೂ ಅಜ್ಞಾತರು. ಮೊದಲನೆಯದು ಸುಮಾರು 974ರಲ್ಲಿ ಬರೆದದ್ದು. ಮೊಮ್ಮಗ ಎರಡನೆಯ ಒಟ್ಟೊನಿಗೆ ಅರ್ಪಿತ. ಎರಡನೆಯದು ಸುಮಾರು 1003ರಲ್ಲಿ, ಮರಿಮೊಮ್ಮಗ ಎರಡನೆಯ ಹೈನ್ರಿಕನಿಗಾಗಿ ಬರೆದದ್ದು. ಈ ಎರಡನೆಯ ಹೈನ್ರಿಕನನ್ನು 1146ರಲ್ಲಿ ಸಂತಪದವಿಗೆ ಏರಿಸಲಾಯಿತು.

ಮೊದಲ ಚರಿತ್ರೆಯು ನೋರ್ಡ್‌ಹೌಸನ್‌ನ ಮಹಿಳಾ ಮಠದಲ್ಲಿ ಹುಟ್ಟಿತೆಂದು ವಿದ್ವಾಂಸರು ಸಾಮಾನ್ಯವಾಗಿ ಅಭಿಪ್ರಾಯಪಡುತ್ತಾರೆ. ಮಟಿಲ್ಡಾ ಅವರು ಸ್ಥಾಪಿಸಿದ ಮಠಗಳಲ್ಲಿ ಅದು ಕೊನೆಯದು. 972ರ ಏಪ್ರಿಲ್ 14ರಂದು ರೋಮಿನಲ್ಲಿ ಎರಡನೆಯ ಒಟ್ಟೊನಿಗೂ ಬಿಜಾಂಟಿಯಮ್ಮಿನಿಂದ ಬಂದ ಥಿಯೊಫಾನು ಅವರಿಗೂ ವಿವಾಹವಾಯಿತು. ಅಂದಿನ ವಿವಾಹಪತ್ರದಲ್ಲಿ ಹೊಸ ವಧುವಿಗೆ ಮೀಸಲಿಟ್ಟ ಊರುಗಳ ನಡುವೆ ನೋರ್ಡ್‌ಹೌಸನ್ ಕೂಡ ಇದೆ! ಅಜ್ಜಿಯ ಪಾಲಿಗಿದ್ದದ್ದು ಈಗ ಮೊಮ್ಮಗನ ಹೆಂಡತಿಯ ಪಾಲಿಗೆ ಬಂದಿತ್ತು. ಅಲ್ಲಿನ ಸಹೋದರಿಯರಿಗೆ ಅಳುಕು ಹುಟ್ಟಿರಬೇಕು: ಹೊಸ ರಾಣಿಯು ನಮ್ಮನ್ನು ಪೋಷಿಸುವರೋ, ತೆರವುಗೊಳಿಸುವರೋ?

ಈ ಬೆಳಕಿನಲ್ಲಿ ಚರಿತ್ರೆಯನ್ನು ಮತ್ತೊಮ್ಮೆ ಓದಿದರೆ ಅದರ ದನಿ ಬೇರೆಯಾಗಿ ಕೇಳಿಸುತ್ತದೆ. ತಾಯಿಯ ದಾನವನ್ನು ತಡೆದ ಮಕ್ಕಳ ಮೇಲೆ ಸಂಕಟ ಬಂದಿತು. ಹಿಂದಿರುಗಿಸಿದಾಗ ಆಶೀರ್ವಾದ ಬಂದಿತು. ಇದು ಹಳೆಯ ಘಟನೆಯ ವರದಿ ಮಾತ್ರವಲ್ಲ, ಯುವ ಚಕ್ರವರ್ತಿಯ ಮುಂದಿಟ್ಟ ಮನವಿಯೂ ಹೌದು. ಅಜ್ಜಿಯು ಕಡೆಯ ಭೇಟಿಯಲ್ಲಿ ಒಟ್ಟೊನ ಕೈಗೆ ಯಾವ ಮಠವನ್ನು ವಿಶೇಷವಾಗಿ ಒಪ್ಪಿಸಿದರು? ನೋರ್ಡ್‌ಹೌಸನ್ ಎಂದು ಚರಿತ್ರೆಯು ಉತ್ತರಿಸುತ್ತದೆ.

ಎರಡನೆಯ ಚರಿತ್ರೆಯ ಅಗತ್ಯವೇ ಬೇರೆ. 1002ರಲ್ಲಿ ಮೂರನೆಯ ಒಟ್ಟೊನು ಮಕ್ಕಳಿಲ್ಲದೆ ತೀರಿಕೊಂಡಾಗ, ಬಂಡಾಯಗಾರ ಹೈನ್ರಿಕನ ಮೊಮ್ಮಗನೇ ದೊರೆಯಾದನು. ಆತನ ವಂಶದ ಹಿರಿಮೆಯನ್ನು ಎತ್ತಿಹಿಡಿಯಬೇಕಾಗಿತ್ತು. ಆದ್ದರಿಂದ ಈ ಆವೃತ್ತಿಯಲ್ಲಿ ಕಿರಿಯ ಮಗನ ಮೇಲಿನ ತಾಯಿಯ ಅಕ್ಕರೆಯು ಹೆಚ್ಚು ವಿಸ್ತಾರವಾಗಿ, ಮೃದುವಾಗಿ ಬರುತ್ತದೆ. 955ರಲ್ಲಿ ಆ ಮಗನು ಸತ್ತಾಗ ಮಟಿಲ್ಡಾ ಅವರು ರಾಣಿಯ ಉಡುಗೆಯನ್ನು ತೊರೆದು ಶೋಕವಸ್ತ್ರ ಧರಿಸಿದರೆಂಬ ಚಿತ್ರವೂ ಇಲ್ಲಿದೆ. ಅದೇ ಕಾಲಕ್ಕೆ ಬರೆದ ಥೀಟ್ಮಾರ್ ಅವರು ಸಹೋದರರ ವೈರಕ್ಕೆ ಇನ್ನೊಂದು ಕಾರಣ ಕೊಡುತ್ತಾರೆ: ದೊರೆಯು ಪವಿತ್ರ ಗುರುವಾರದ ರಾತ್ರಿ ಮದ್ಯದ ಅಮಲಿನಲ್ಲಿ, ರಾಣಿಯ ವಿರೋಧವನ್ನು ಲೆಕ್ಕಿಸದೆ ಸಂಗಮಿಸಿದ್ದರಿಂದ ಹುಟ್ಟಿದವನು ಆ ಮಗನು! ಪವಿತ್ರ ದಿನಗಳ ಶಿಸ್ತನ್ನು ಬೋಧಿಸಬೇಕಾದ ಧರ್ಮಾಧ್ಯಕ್ಷರಿಗೆ ಆ ಕಥೆಯೇ ಉಪಯುಕ್ತವಾಗಿತ್ತು.

ಹಾಗಾದರೆ ಮಟಿಲ್ಡಾ ಅವರ ಪರಿಶುದ್ಧತೆಯು ಬರಹಗಾರರ ಸೃಷ್ಟಿಯೇ? ನಾವು ಹಾಗೆ ತೀರ್ಮಾನಿಸಬೇಕಿಲ್ಲ. ರಾಣಿಯು ಬದುಕಿದ್ದ ಕೊನೆಯ ವರ್ಷಗಳಲ್ಲಿ ಬರೆಯುತ್ತಿದ್ದ ವಿಡುಕಿಂಡ್ ಅವರೂ ರಾತ್ರಿಯ ಕೀರ್ತನೆಗಳನ್ನು, ಬಡವರ ಸೇವೆಯನ್ನು, ಸೇವಕರಿಗೂ ದಾಸಿಯರಿಗೂ ರಾಣಿಯೇ ಕೊಡಿಸಿದ ಶಿಕ್ಷಣವನ್ನು ಸ್ಮರಿಸುತ್ತಾರೆ. ಸಂತಪದವಿಯ ವಿಚಾರಣೆಯನ್ನು ರೋಮ್ ಇನ್ನೂ ಕೈಗೆತ್ತಿಕೊಂಡಿರದ ಕಾಲವದು. ಪೋಪರು ಅಧಿಕೃತವಾಗಿ ಸಂತರೆಂದು ಘೋಷಿಸಿದ ಮೊದಲ ದಾಖಲಿತ ಉದಾಹರಣೆ 993ರ ಔಗ್ಸ್‌ಬುರ್ಗಿನ ಸಂತ ಉಲ್ರಿಕ್. ಮಟಿಲ್ಡಾ ಅವರಿಗೆ ದೊರೆತದ್ದು ಕಂಡವರ ಮತ್ತು ಉಂಡವರ ಗೌರವ. ನೋರ್ಡ್‌ಹೌಸನ್‌ನ ಸಹೋದರಿಯರಿಗೆ ತಮ್ಮ ಅನ್ನದ ಚಿಂತೆಯಿತ್ತು ಎಂದ ಮಾತ್ರಕ್ಕೆ, ಅನ್ನ ಕೊಟ್ಟವರ ಬಗ್ಗೆ ಅವರು ಹೇಳಿದ್ದು ಸುಳ್ಳಾಗುವುದಿಲ್ಲ. ಸ್ವಾರ್ಥವಿದ್ದಲ್ಲಿ ಸತ್ಯವಿರದು ಎಂಬ ಸುಲಭದ ಸಂಶಯವು, ಪ್ರತಿಯೊಂದನ್ನೂ ಅಕ್ಷರಶಃ ನಂಬುವ ಸುಲಭದ ಭಕ್ತಿಯಷ್ಟೇ ದುರ್ಬಲವಾದುದು.

ಮೃತರ ಹೆಸರುಗಳು

ಮಟಿಲ್ಡಾ ಅವರ ದಾನವನ್ನು ಕೇವಲ ಕರುಣೆಯೆಂದು ಓದಿದರೆ ಅದರ ಕೇಂದ್ರವು ತಪ್ಪಿಹೋಗುತ್ತದೆ. ದೊರೆಯು ಪ್ರಾಣಬಿಟ್ಟ ಗಳಿಗೆಯಲ್ಲಿ ರಾಣಿಯು, ಇನ್ನೂ ಉಪವಾಸದಲ್ಲಿದ್ದು ಮೃತನ ಆತ್ಮಕ್ಕಾಗಿ ಬಲಿಪೂಜೆ ಅರ್ಪಿಸಬಲ್ಲ ಯಾಜಕರು ಯಾರಾದರೂ ಇದ್ದಾರೆಯೇ ಎಂದು ಕೇಳಿದರು. ಅಡಾಲ್‌ಡಾಗ್ ಎಂಬ ಯಾಜಕರು ಮುಂದೆ ಬಂದರು. ರಾಣಿಯು ತಮ್ಮ ಕೈಯ ಚಿನ್ನದ ಕಡಗಗಳನ್ನು ಅವರಿಗೆ ಕೊಟ್ಟರು. ಈ ಅಡಾಲ್‌ಡಾಗ್ ಅವರೇ ಮುಂದೆ ಹ್ಯಾಂಬರ್ಗ್-ಬ್ರೇಮೆನ್‌ನ ಮಹಾಧರ್ಮಾಧ್ಯಕ್ಷರಾದರು.

ಅಂದು ಶನಿವಾರ. ಅಲ್ಲಿಂದ ಮುಂದೆ ಶನಿವಾರಗಳು ರಾಣಿಗೆ ವಿಶೇಷ ದಿನಗಳಾದವು: ಬಡವರಿಗೂ ಯಾತ್ರಿಕರಿಗೂ ಬಿಸಿನೀರಿನ ಸ್ನಾನ, ಬಟ್ಟೆ, ಊಟ. ದೊರೆಯ ಸಮಾಧಿಯಿರುವ ಕ್ವೆಡ್ಲಿನ್‌ಬುರ್ಗಿನ ಬೆಟ್ಟದ ಮೇಲೆ 936ರಲ್ಲಿಯೇ ಮಹಿಳಾ ಮಠವನ್ನು ಸ್ಥಾಪಿಸಲಾಯಿತು. ಆ ಬಳಿಕ ಎಂಗರ್, ಪೋಲ್ಡೆ, ನೋರ್ಡ್‌ಹೌಸನ್. ಈ ಮನೆಗಳ ಮೊದಲ ಕೆಲಸ ಪ್ರಾರ್ಥನೆಯಲ್ಲಿ ಮೃತರ ಹೆಸರು ಹೇಳುವುದು. ಬಡವನಿಗೆ ಕೊಟ್ಟ ರೊಟ್ಟಿಯೂ ಮೃತನಿಗಾಗಿ ಹೇಳಿದ ಪ್ರಾರ್ಥನೆಯೂ ಅಂದಿನವರ ದೃಷ್ಟಿಯಲ್ಲಿ ಒಂದೇ ಕ್ರಿಯೆಯ ಎರಡು ಕೈಗಳು. ಮಕಬಿಯರ ಎರಡನೆಯ ಗ್ರಂಥದ ಹನ್ನೆರಡನೆಯ ಅಧ್ಯಾಯದಲ್ಲಿ ಯೂದನು ಯುದ್ಧದಲ್ಲಿ ಮಡಿದವರಿಗಾಗಿ ಕಾಣಿಕೆ ಎತ್ತಿದ್ದನ್ನು ಧರ್ಮಸಭೆಯು ಯಾವ ವಿಶ್ವಾಸದಿಂದ ಓದುತ್ತದೆಯೋ, ಅದೇ ವಿಶ್ವಾಸದ ಫಲ ಇದು.

ಇದರಿಂದ ಮಕ್ಕಳ ಆಪಾದನೆಗೂ ಒಂದು ಉತ್ತರ ದೊರೆಯುತ್ತದೆ. ತಾಯಿಯು ಕರಗಿಸುತ್ತಿದ್ದದ್ದು ಅವರ ತಂದೆಯ ಸೊತ್ತನ್ನು, ಅವರ ತಂದೆಗಾಗಿಯೇ. ಸತ್ತ ದೊರೆಯ ಪಾಲನ್ನು ಸತ್ತ ದೊರೆಗೆ ತಲುಪಿಸುವ ದಾರಿ ಬಡವರ ಕೈಗಳ ಮೂಲಕ ಹಾದುಹೋಗುತ್ತದೆ ಎಂಬುದು ಅವರ ದೃಢ ನಂಬಿಕೆ. ಜೀವಂತರ ರಾಜ್ಯದ ಲೆಕ್ಕಪತ್ರದಲ್ಲಿ ಆ ದಾನಕ್ಕೆ ಸ್ಥಳವಿರಲಿಲ್ಲ. ಸಂತರ ಅನ್ಯೋನ್ಯತೆಯಲ್ಲಿ ಇತ್ತು.

ಕೊನೆಯ ದಿನಗಳು

965ರ ಪವಿತ್ರಾತ್ಮರ ಹಬ್ಬಕ್ಕೆ ಕುಟುಂಬವು ಕೊಲೋನಿನಲ್ಲಿ ಒಟ್ಟುಗೂಡಿತು. ಚಕ್ರವರ್ತಿ ಒಟ್ಟೊ, ಮಹಾಧರ್ಮಾಧ್ಯಕ್ಷ ಬ್ರೂನೊ, ಗೆರ್ಬೆರ್ಗಾ, ಮೊಮ್ಮಕ್ಕಳು, ಎಲ್ಲರ ನಡುವೆ ವೃದ್ಧ ರಾಣಿ. ಅದೇ ಅಕ್ಟೋಬರ್ 11ರಂದು ಬ್ರೂನೊ ತೀರಿಕೊಂಡರು. ಆ ಬಳಿಕ ಒಟ್ಟೊನು ಇಟಲಿಗೆ ಹೊರಡುವ ಮುನ್ನ ನೋರ್ಡ್‌ಹೌಸನ್‌ನಲ್ಲಿ ತಾಯಿಯನ್ನು ಕಂಡನು. ಬೀಳ್ಕೊಟ್ಟ ಮೇಲೆ ಮಟಿಲ್ಡಾ ಅವರು ದೇವಾಲಯದೊಳಗೆ ಹಿಂದಿರುಗಿ, ಬಲಿಪೂಜೆಯ ವೇಳೆ ಮಗನು ನಿಂತಿದ್ದ ಸ್ಥಳದಲ್ಲಿ ಮೊಣಕಾಲೂರಿ ಅವನ ಹೆಜ್ಜೆಗಳಿದ್ದ ನೆಲವನ್ನು ಮುತ್ತಿಟ್ಟು ಅತ್ತರೆಂದು ಚರಿತ್ರೆಯು ಹೇಳುತ್ತದೆ. ಒಂದು ಕಾಲದಲ್ಲಿ ಯಾವ ಮಗನ ಸಿಂಹಾಸನವನ್ನು ಅವರು ಬಯಸಿರಲಿಲ್ಲವೋ, ಆ ಮಗನ ಹೆಜ್ಜೆಗಳವು.

968ರ ಆರಂಭದಲ್ಲಿ ಅವರು ಕ್ವೆಡ್ಲಿನ್‌ಬುರ್ಗಿನಲ್ಲಿ ಹಾಸಿಗೆ ಹಿಡಿದರು. ಮೊಮ್ಮಗನಾದ ಮೈನ್ಸಿನ ಮಹಾಧರ್ಮಾಧ್ಯಕ್ಷ ವಿಲ್ಹೆಲ್ಮ್ ಅವರನ್ನು ಕಾಣಲು ಬಂದರು. ವಿಲ್ಹೆಲ್ಮ್ ಅವರು ಒಟ್ಟೊನಿಗೆ ವಿವಾಹಪೂರ್ವದಲ್ಲಿ ಹುಟ್ಟಿದವರು. ಹೊರಡುವಾಗ ಅವರಿಗೆ ಏನಾದರೂ ಕೊಡಬೇಕೆಂದು ರಾಣಿಯು ತಮ್ಮ ಆಪ್ತರೂ ನೋರ್ಡ್‌ಹೌಸನ್‌ನ ಮಠಾಧ್ಯಕ್ಷೆಯೂ ಆದ ರಿಕ್‌ಬುರ್ಗ್ ಅವರನ್ನು ಕೇಳಿದರು. ಎಲ್ಲವನ್ನೂ ಬಡವರಿಗೆ ಕೊಟ್ಟಾಗಿತ್ತು. ಉಳಿದದ್ದು ರಾಣಿಯ ಶವಕ್ಕೆ ಹೊದಿಸಲೆಂದು ತೆಗೆದಿಟ್ಟ ಬಟ್ಟೆ ಮಾತ್ರ. ಅದನ್ನೇ ತರಿಸಿ ಮೊಮ್ಮಗನಿಗೆ ಕೊಟ್ಟರು; ಅದರ ಅಗತ್ಯ ತಮಗಿಂತ ಮೊದಲು ಅವರಿಗೇ ಬರುವುದೆಂದರು. ಹಿಂದಿರುಗುವ ದಾರಿಯಲ್ಲಿ, ಮಾರ್ಚ್ 2ರಂದು, ವಿಲ್ಹೆಲ್ಮ್ ತೀರಿಕೊಂಡರು. ಮಾರ್ಚ್ 14ರಂದು ಮಟಿಲ್ಡಾ ಅವರು ಕಣ್ಮುಚ್ಚಿದರು. ಪತಿಯ ಪಕ್ಕದಲ್ಲಿಯೇ ಅವರ ಸಮಾಧಿಯಾಯಿತು. ಅವರ ಕಲ್ಲಿನ ಶವಪೆಟ್ಟಿಗೆಯು ಇಂದಿಗೂ ಕ್ವೆಡ್ಲಿನ್‌ಬುರ್ಗಿನ ದೇವಾಲಯದ ನೆಲಮಾಳಿಗೆಯಲ್ಲಿದೆ. ದೊರೆಯ ಅವಶೇಷಗಳು ಮಾತ್ರ ಉಳಿದಿಲ್ಲ.

ಸಾಯುವ ಮುನ್ನ ರಾಣಿಯು ಇನ್ನೊಂದು ಹಸ್ತಾಂತರ ಮಾಡಿದರು. ಆಸ್ತಿಯೆಲ್ಲ ಹಂಚಿಹೋಗಿದ್ದರೂ ಒಂದು ಪುಸ್ತಕ ಉಳಿದಿತ್ತು: ಮೃತರಾದ ಗಣ್ಯರ ಹೆಸರುಗಳನ್ನು ದಿನದಿನದ ಎದುರು ಬರೆದಿಟ್ಟ ಪಂಚಾಂಗ. ಅದನ್ನು ತಮ್ಮದೇ ಹೆಸರಿನ ಮೊಮ್ಮಗಳೂ, ಕ್ವೆಡ್ಲಿನ್‌ಬುರ್ಗಿನ ಹದಿಹರೆಯದ ಮಠಾಧ್ಯಕ್ಷೆಯೂ ಆದ ಮಟಿಲ್ಡಾ ಅವರ ಕೈಗಿತ್ತು, ಅಜ್ಜನ ಆತ್ಮವನ್ನೂ ತಮ್ಮ ಆತ್ಮವನ್ನೂ ಪುಸ್ತಕದಲ್ಲಿರುವ ಎಲ್ಲರನ್ನೂ ಒಪ್ಪಿಸಿದರು. ಈ ಮನೆತನದಲ್ಲಿ ಯಾರೂ ವ್ಯಾಜ್ಯ ಹೂಡದ ಆಸ್ತಿ ಇದೊಂದೇ. ಆ ಮಠವು ಹದಿನಾರನೆಯ ಶತಮಾನದಲ್ಲಿ ಲೂಥರನ ಸುಧಾರಣೆಯನ್ನು ಒಪ್ಪಿಕೊಂಡು, ಮಹಿಳೆಯರ ಆಡಳಿತದಲ್ಲಿಯೇ ಹತ್ತೊಂಬತ್ತನೆಯ ಶತಮಾನದ ಆರಂಭದವರೆಗೂ ಬಾಳಿತು.

ಯಾಜಕರಿಗೆ ಈ ಚರಿತ್ರೆ

ಯಾಜಕರಿಗೂ ಗುರು ಅಭ್ಯರ್ಥಿಗಳಿಗೂ ಈ ಚರಿತ್ರೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು, ಸಂತರ ಚರಿತ್ರೆಯನ್ನು ಬೋಧಿಸುವ ಕ್ರಮ. ಯಾರು, ಯಾರಿಗಾಗಿ, ಯಾವ ಭಯದಲ್ಲಿ ಅಥವಾ ಆಸೆಯಲ್ಲಿ ಬರೆದರೆಂದು ಕೇಳುವುದು ಅವಿಶ್ವಾಸವಲ್ಲ. ಪವಿತ್ರಗ್ರಂಥದ ಅಧ್ಯಯನದಲ್ಲಿ ನಾವು ಈ ಪ್ರಶ್ನೆಗಳನ್ನು ಕೇಳುತ್ತೇವೆ. ಸಂತರ ಚರಿತ್ರೆಯಲ್ಲಿ ಅವನ್ನು ಬಿಟ್ಟುಬಿಡಲು ಕಾರಣವಿಲ್ಲ. ಮಕ್ಕಳಲ್ಲಿ ಒಬ್ಬನನ್ನು ಹೆಚ್ಚಾಗಿ ಪ್ರೀತಿಸಿ, ಅದರ ಬೆಲೆ ತೆತ್ತು, ಕೊನೆಗೆ ಇನ್ನೊಬ್ಬನ ಹೆಜ್ಜೆಗಳನ್ನು ಮುತ್ತಿಟ್ಟ ತಾಯಿಯು ನಮ್ಮ ಭಕ್ತಜನರಿಗೆ ದೋಷರಹಿತ ಪ್ರತಿಮೆಗಿಂತ ಹೆಚ್ಚು ಹತ್ತಿರದವರು.

ಎರಡನೆಯದು, ದಾನ ಮತ್ತು ದಾಯದ ಪ್ರಶ್ನೆ. ವೃದ್ಧ ವಿಧವೆಯೊಬ್ಬರು ತಮ್ಮ ಪಾಲಿನ ಆಸ್ತಿಯನ್ನು ಧರ್ಮಸಭೆಗೆ ಅಥವಾ ಬಡವರಿಗೆ ಕೊಡಲು ಬಯಸಿದಾಗ, ಮಕ್ಕಳು ವಿರೋಧಿಸಿದಾಗ, ಯಾಜಕರು ತಟಸ್ಥ ಸಾಕ್ಷಿಯಲ್ಲ. ಅವರ ಸಂಸ್ಥೆಯೇ ಫಲಾನುಭವಿ. ನೋರ್ಡ್‌ಹೌಸನ್‌ನ ಸಹೋದರಿಯರಂತೆ ನಾವೂ ಕಥೆಯ ಒಳಗಿನವರು. ಆದ್ದರಿಂದ ದಾನಿಯ ಸ್ವಾತಂತ್ರ್ಯವನ್ನು ಕಾಯುವಷ್ಟೇ ಎಚ್ಚರದಿಂದ ಮಕ್ಕಳ ನ್ಯಾಯವಾದ ಅಗತ್ಯವನ್ನೂ ಕೇಳಬೇಕು. ಲಾಭವಿಲ್ಲದ ಒಬ್ಬ ಎಡಿತ್ ಅವರನ್ನು ಹುಡುಕಬೇಕು.

ಮೂರನೆಯದು, ಮೃತರ ಹೆಸರುಗಳು. ನವೆಂಬರ್ ತಿಂಗಳಲ್ಲಿ ಭಕ್ತರು ತಮ್ಮ ಮೃತರ ಹೆಸರುಗಳ ಚೀಟಿಗಳನ್ನು ಬಲಿಪೀಠದ ಬಳಿಗೆ ತಂದು ಕೊಡುತ್ತಾರೆ. ಅವಸರದಲ್ಲಿ ನಾವು ಆ ಪಟ್ಟಿಯನ್ನು ಒಟ್ಟಾಗಿ ಅರ್ಪಿಸಿ ಮುಂದೆ ಸಾಗುವುದುಂಟು. ಆ ಚೀಟಿಗಳಲ್ಲಿ ಒಂದೇ ಮನೆಯ ಜಗಳವಾಡಿದ ಅಣ್ಣತಮ್ಮಂದಿರ ಹೆಸರುಗಳು ಅಕ್ಕಪಕ್ಕದಲ್ಲಿರುತ್ತವೆ. ದೂರವಿಟ್ಟ ಮೊದಲ ಪತ್ನಿಯ ಹೆಸರನ್ನು ಯಾರೋ ಸಣ್ಣ ಅಕ್ಷರದಲ್ಲಿ ಸೇರಿಸಿರುತ್ತಾರೆ. ಜೀವಂತರ ನಡುವೆ ಆಗದ ಸಂಧಾನವು ಆ ಕಾಗದದ ಮೇಲೆ ಆರಂಭವಾಗಿರುತ್ತದೆ. ಅದನ್ನು ಪೂರ್ತಿಯಾಗಿ, ನಿಧಾನವಾಗಿ, ಒಂದೊಂದೇ ಹೆಸರಾಗಿ ಓದುವುದು ಯಾಜಕರ ಕೆಲಸ.